ಲಾರಿ ನಿಂತ ಹೊತ್ತೂ ಲೆಕ್ಕಕ್ಕೆ ಬರಲಿ: ಟ್ಯಾಕೊಗ್ರಾಫ್ ದಾಖಲೆ ಪೂರ್ಣವಾಗುವುದು ಹೇಗೆ?

ಕಲಬುರಗಿ: ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಆಳಂದ ತಾಲ್ಲೂಕಿನ ಭೂಸನೂರ ಹಾಗೂ ಅಫಜಲಪುರ ತಾಲ್ಲೂಕಿನ ಹವಳಗಾದ ಸಕ್ಕರೆ ಕಾರ್ಖಾನೆಗಳ ಮುಂದೆ ಲಾರಿ, ಟ್ರ್ಯಾಕ್ಟರುಗಳ ಸಾಲು ಬೆಳೆಯುತ್ತದೆ. ಜೇವರ್ಗಿಯನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ವಿಜಯಪುರದತ್ತ ಹೊರಟ ಸರಕು ವಾಹನಗಳ ಸಂಚಾರ ಹಗಲಿರುಳೂ ನಡೆದಿರುತ್ತದೆ. ಈ ವಾಹನಗಳ ಚಾಲಕರು ದಿನಕ್ಕೆ ಎಷ್ಟು ತಾಸು ದುಡಿದರು ಎಂಬುದಕ್ಕೆ ಸಾಕ್ಷಿ ಯಾವುದು?

ಆ ಸಾಕ್ಷ್ಯ ಒದಗಿಸುವ ಸಾಧನವೇ ಟ್ಯಾಕೊಗ್ರಾಫ್. ವಾಹನ ಓಡಿದ ಅವಧಿ, ವೇಗ ಹಾಗೂ ವೇಗದ ಏರಿಳಿತವನ್ನು ಅದು ತಾನಾಗಿಯೇ ದಾಖಲಿಸುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 129ನೇ ನಿಯಮದ ಪ್ರಕಾರ ಅಪಾಯಕಾರಿ ಸರಕು ಸಾಗಿಸುವ ವಾಹನಗಳಿಗೆ ಇದು ಕಡ್ಡಾಯ. ಎಥೆನಾಲ್ ಬೇಗನೆ ಹೊತ್ತಿಕೊಳ್ಳುವ ದ್ರವವಾದ್ದರಿಂದ ಅದರ ಟ್ಯಾಂಕರುಗಳೂ ಈ ವ್ಯಾಪ್ತಿಗೆ ಸೇರುತ್ತವೆ. ಕಬ್ಬು, ತೊಗರಿ ಹೇರುವ ಸಾಮಾನ್ಯ ಲಾರಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ನಿಂತರೆ ವಿಶ್ರಾಂತಿಯೇ?

ದಾಖಲೆ ಅಪೂರ್ಣವಾಗುವುದು ಬಹುತೇಕ ಇಲ್ಲಿಯೇ. ಚಕ್ರ ನಿಂತಿತೆಂಬುದನ್ನು ಯಂತ್ರ ಬಲ್ಲದು. ಚಾಲಕ ನಿದ್ರಿಸಿದನೋ, ಸರದಿಯಲ್ಲಿ ಅಂಗುಲ ಅಂಗುಲ ಮುಂದೆ ಸಾಗಲು ಎಚ್ಚರದಿಂದಿದ್ದನೋ ಎಂಬುದನ್ನು ಅರಿಯದು. ಐರೋಪ್ಯ ಒಕ್ಕೂಟದ ಟ್ಯಾಕೊಗ್ರಾಫ್‌ನಲ್ಲಿ ಚಾಲನೆ, ಇತರ ಕೆಲಸ, ಕಾಯುವಿಕೆ, ವಿಶ್ರಾಂತಿ ಎಂಬ ನಾಲ್ಕು ಬಗೆಗಳಿವೆ. ಚಾಲನೆಯ ಹೊರತು ಉಳಿದವನ್ನು ಚಾಲಕನೇ ಗುಂಡಿ ಒತ್ತಿ ಗುರುತಿಸಬೇಕು. ಅಲ್ಲಿ ನಾಲ್ಕೂವರೆ ಗಂಟೆಯ ಚಾಲನೆಗೆ 45 ನಿಮಿಷಗಳ ಬಿಡುವು ಕಡ್ಡಾಯ.

ನಮ್ಮಲ್ಲಿ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿಯನ್ನೂ, ಸತತ 5 ಗಂಟೆ ದುಡಿದ ಬಳಿಕ ಕನಿಷ್ಠ ಅರ್ಧ ಗಂಟೆಯ ವಿರಾಮವನ್ನೂ ವಿಧಿಸಿತ್ತು. ಚಾಲನೆಯ ಜೊತೆಗಿನ ಪೂರಕ ಕೆಲಸವನ್ನೂ ಅದು ದುಡಿಮೆಯೆಂದೇ ಪರಿಗಣಿಸಿತ್ತು. 2025ರ ನವೆಂಬರ್ 21ರಂದು ಅದರ ಸ್ಥಾನಕ್ಕೆ ಬಂದ 2020ರ ವೃತ್ತಿ ಸುರಕ್ಷತಾ ಸಂಹಿತೆಯಲ್ಲೂ ದಿನಕ್ಕೆ 8 ಗಂಟೆಗಳ ಮಿತಿ ಇದೆ.

ಚಾಲಕರು ಗಮನಿಸಬೇಕಾದುದು

* ಹೊರಡುವ ಮುನ್ನ ಯಂತ್ರದ ಗಡಿಯಾರ ಸರಿಯಾಗಿದೆಯೇ ಎಂದು ನೋಡಬೇಕು. ಹೆಸರು, ದಿನಾಂಕ, ವಾಹನ ಸಂಖ್ಯೆ, ಕಿಲೋಮೀಟರ್ ಬರೆದುಕೊಳ್ಳಬೇಕು.
* ಇಬ್ಬರು ಚಾಲಕರಿದ್ದರೆ ಇಬ್ಬರ ದಾಖಲೆಯೂ ಬೇರೆಯಾಗಿರಬೇಕು.
* ಸರಕು ತುಂಬಿದ, ಇಳಿಸಿದ, ಸರದಿಯಲ್ಲಿ ಕಾದ ಸಮಯವನ್ನು ವಿಶ್ರಾಂತಿಯ ಲೆಕ್ಕಕ್ಕೆ ಸೇರಿಸದೆ ಪ್ರತ್ಯೇಕವಾಗಿ ನಮೂದಿಸಬೇಕು. ಕಾರ್ಖಾನೆಯ ತೂಕದ ಚೀಟಿಯಲ್ಲಿನ ಸಮಯ ಇದಕ್ಕೆ ಆಧಾರವಾಗಬಲ್ಲದು.
* ಯಂತ್ರ ಕೆಟ್ಟರೆ ಕೈಬರಹದಲ್ಲಿ ದಾಖಲಿಸಿ, ಕೆಟ್ಟ ಸಮಯವನ್ನೂ ಕಾಣಿಸಿ, ಮಾಲೀಕರಿಗೆ ತಿಳಿಸಬೇಕು.

ಟ್ಯಾಕೊಗ್ರಾಫ್ ಇಲ್ಲದ ಲಾರಿಯ ಚಾಲಕರೂ ಇದೇ ಕ್ರಮದಲ್ಲಿ ಒಂದು ಪುಸ್ತಕ ಇಟ್ಟುಕೊಳ್ಳುವುದು ಒಳಿತು. ಅಪಘಾತವಾದಾಗ ಮೊದಲ ದೂಷಣೆ ಬರುವುದು ಚಾಲಕನ ಮೇಲೆಯೇ. ಹದಿನಾಲ್ಕು ಗಂಟೆ ಎಚ್ಚರವಿದ್ದವನನ್ನು ಮತ್ತೆ ರಸ್ತೆಗೆ ಕಳುಹಿಸಿದವರು ಯಾರು ಎಂಬ ಪ್ರಶ್ನೆ ಏಳಬೇಕಾದರೆ, ಆ ಹದಿನಾಲ್ಕು ಗಂಟೆಗಳು ಎಲ್ಲಾದರೂ ಬರಹದಲ್ಲಿ ಇರಬೇಕಾಗುತ್ತದೆ.