ನೆತ್ತಿ ನಡುವಿನಲ್ಲಿಲ್ಲದ ಚಾವಣಿ

ಮನೆ ನಕ್ಷೆಯ ಸಾಫ್ಟ್‌ವೇರುಗಳಿಗೆ ಬಹುತೇಕ ಒಂದೇ ಹಟ. ಚಾವಣಿ ಎಂದೊಡನೆ ನೆತ್ತಿಯನ್ನು ತಂದು ನಟ್ಟನಡುವೆ ಕೂರಿಸುತ್ತವೆ: ಎರಡು ಕಡೆಗೂ ಒಂದೇ ಇಳಿಜಾರು, ಒಂದೇ ಎತ್ತರದ ಸೂರು. ದೊಡ್ಡಬಳ್ಳಾಪುರದಲ್ಲಿ ಪ್ಲ್ಯಾನ್ ಬರೆದು ಬದುಕುವ ನನ್ನಂಥವಳಿಗೆ ಅದು ಸಾಲದು. ಇಲ್ಲಿ ಮುಂದೆ ಮನೆ, ಹಿಂದೆ ಲೂಮಿನ ಶೆಡ್ಡು. ಮಗ್ಗದವರು ಕೇಳುವುದು ಇಷ್ಟೇ: ‘ಬೆಳಕು ಬರಲಿ ಮೇಡಂ, ಬಿಸಿಲು ಬರಬಾರದು.’ ಬಿಸಿಲಿಗೆ ರೇಷ್ಮೆಯ ಬಣ್ಣ ಮಾಸುತ್ತದೆ, ಒಣ ಶಾಖಕ್ಕೆ ಎಳೆ ಕಡಿಯುತ್ತದೆ. ಬೆಳಕು ಸಾಲದಿದ್ದರೆ ಕಡಿದ ಎಳೆ ಕಣ್ಣಿಗೇ ಬೀಳುವುದಿಲ್ಲ.

ಇಂಗ್ಲೆಂಡಿನ ಬಟ್ಟೆ ಗಿರಣಿಗಳು ಇದಕ್ಕೆ ಗರಗಸದ ಹಲ್ಲಿನ ಚಾವಣಿ ಕಟ್ಟಿದವು. ಒಂದು ಮಗ್ಗುಲು ಉದ್ದಕ್ಕೆ ನಿಧಾನವಾಗಿ ಏರುತ್ತದೆ. ಉತ್ತರದ ಗಿಡ್ಡ ಮಗ್ಗುಲು ಕಡಿದಾಗಿ ಇಳಿಯುತ್ತದೆ, ಅದಕ್ಕೆ ಗಾಜು. ಅದನ್ನೇ ಇಲ್ಲಿ ನಕಲು ಮಾಡಿದರೆ ಕೆಟ್ಟಿತು. ಮ್ಯಾಂಚೆಸ್ಟರ್ ಇರುವುದು 53 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ ನಡುಹಗಲಲ್ಲೂ ಸೂರ್ಯ ದಕ್ಷಿಣದಲ್ಲಿ 60 ಡಿಗ್ರಿ ಎತ್ತರದ ಆಸುಪಾಸಿನಲ್ಲೇ ನಿಲ್ಲುತ್ತಾನೆ. ದೊಡ್ಡಬಳ್ಳಾಪುರ ಇರುವುದು 13 ಡಿಗ್ರಿಯಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೇ ಸರಿದಿರುತ್ತಾನೆ. 50 ಡಿಗ್ರಿ ಇಳಿಜಾರಿನ ಗಾಜಿಗೆ ಇಲ್ಲಿ ಡಿಸೆಂಬರಿನಲ್ಲೂ ನಡುಹಗಲ ಬಿಸಿಲು ತಾಗುತ್ತದೆ. ಹಾಗಾಗಿ ನಮ್ಮಲ್ಲಿ ಗಾಜು ನೆಟ್ಟಗೆ ನಿಲ್ಲಬೇಕು.

ಒಂದು ಶೆಡ್ಡಿನ ಲೆಕ್ಕ ಹೇಳುತ್ತೇನೆ. ದಕ್ಷಿಣದಿಂದ ಉತ್ತರಕ್ಕೆ 20 ಅಡಿ. ದಕ್ಷಿಣದ ಗೋಡೆ 10 ಅಡಿ ಎತ್ತರ. ಅಲ್ಲಿಂದ ಶೀಟು ನಾಲ್ಕು ಅಡಿಗೊಂದು ಅಡಿಯಂತೆ ಏರುತ್ತಾ 14 ಅಡಿ ಸಾಗಿ 13 ಅಡಿ 6 ಅಂಗುಲಕ್ಕೆ ಮುಟ್ಟುತ್ತದೆ. ಉತ್ತರದ ಗೋಡೆ 8 ಅಡಿ. ಅದರ ಶೀಟು ಒಳಕ್ಕೆ 6 ಅಡಿ ಏರಿ 9 ಅಡಿ 6 ಅಂಗುಲಕ್ಕೆ ನಿಲ್ಲುತ್ತದೆ. ಎರಡೂ ಕೂಡುವುದೇ ಇಲ್ಲ. ನಡುವೆ ಉಳಿದ 4 ಅಡಿಯೇ ಗಾಜಿನ ಜಾಗ. ಜೂನ್ ಮಧ್ಯಾಹ್ನದ ಬಿಸಿಲು ತಡೆಯಲು ಮೇಲಿನ ಶೀಟು 9 ಅಂಗುಲ ಚಾಚಿದರೆ ಸಾಕು, ನಾನು ಒಂದೂವರೆ ಅಡಿ ಬಿಡುತ್ತೇನೆ. (ಮೋಲ್ಡ್ ಹಾಕಿಬಿಡಿ, ಮುಂದೆ ಮೇಲೊಂದು ಬಾಡಿಗೆ ಮನೆ ಆಗುತ್ತೆ ಅನ್ನುವವರೂ ಇದ್ದಾರೆ. ಅವರಿಗೆ ಹಗಲಲ್ಲೂ ಟ್ಯೂಬ್‌ಲೈಟೇ ಗತಿ.)

ಇದನ್ನು ಬರೆಯಲು ನಾನು ಬಳಸುವುದು ಫ್ರಾನ್ಸಿನ ಎಮ್ಯಾನ್ಯುಯೆಲ್ ಪ್ಯುಬಾರೆ 2006ರಲ್ಲಿ ಹೊರತಂದ ಸ್ವೀಟ್ ಹೋಮ್ 3ಡಿ. ಉಚಿತವಾಗಿ ಸಿಗುತ್ತದೆ. ಗೋಡೆ ಎಳೆದಂತೆ ಚಾವಣಿ ಎಳೆಯುವ ಗುಂಡಿ ಅದರಲ್ಲಿಲ್ಲ. ನಮ್ಮ ಕೆಲಸಕ್ಕೆ ಅದೇ ಅನುಕೂಲ, ನೆತ್ತಿ ಎಲ್ಲಿರಬೇಕೆಂದು ಅದು ಅಪ್ಪಣೆ ಕೊಡುವುದಿಲ್ಲ. ಗೋಡೆಗೆ ಆರಂಭದ ಎತ್ತರ, ಕೊನೆಯ ಎತ್ತರ ಬೇರೆಬೇರೆ ಕೊಡಬಹುದು. ಪೂರ್ವ, ಪಶ್ಚಿಮದ ಗೋಡೆಗಳನ್ನು 14ನೇ ಅಡಿಯಲ್ಲಿ ಎರಡು ತುಂಡು ಮಾಡಿ ಮೇಲಿನ ನಾಲ್ಕು ಎತ್ತರಗಳನ್ನು ತುಂಬಿದರೆ ಗೋಡೆಯ ತಲೆ ತಾನೇ ಓರೆಯಾಗುತ್ತದೆ. ಆಮೇಲೆ ಎರಡು ತೆಳು ಪೆಟ್ಟಿಗೆಗಳನ್ನು 14 ಡಿಗ್ರಿ ವಾಲಿಸಿ, ಒಂದೊಂದನ್ನು ಒಂದೊಂದು ಮಗ್ಗುಲಿಗೆ ಹೊದಿಸಬೇಕು. ಸ್ಕೆಚ್‌ಅಪ್ ಬಲ್ಲವರಿಗೆ ಇನ್ನೂ ಸಲೀಸು: ಪಕ್ಕದ ಗೋಡೆಯ ಮೇಲೆ ಚಾವಣಿಯ ಓರೆ ಗೆರೆಯನ್ನು ದಪ್ಪ ಸಮೇತ ಬರೆದು, ಶೆಡ್ಡಿನ ಉದ್ದಕ್ಕೂ ಎಳೆದರಾಯಿತು. ಯಾವುದರಲ್ಲೇ ಆಗಲಿ, ಮೊದಲು ಅಡ್ಡಸೀಳಿನ ಚಿತ್ರ ಕಾಗದದ ಮೇಲಿರಬೇಕು.

ಸ್ವೀಟ್ ಹೋಮ್‌ನ ದಿಕ್ಸೂಚಿಗೆ ಊರಿನ ಅಕ್ಷಾಂಶ, ರೇಖಾಂಶ ಕೊಟ್ಟು, ಜೂನ್ 21ರ ಬೆಳಿಗ್ಗೆ ಎಂಟು ಗಂಟೆಯ ಫೋಟೊ ತೆಗೆಸಿ. ಈಶಾನ್ಯದಿಂದ ಓರೆ ಬಿಸಿಲು ಗಾಜಿನೊಳಕ್ಕೆ ನುಗ್ಗುವುದು ಕಾಣುತ್ತದೆ. ಚಾಚು ಅದನ್ನು ತಡೆಯಲಾರದು. ಗಾಜಿನ ಸಾಲಿಗೆ ಅಲ್ಲಲ್ಲಿ ನಿಲುವು ಪಟ್ಟಿ ಬೇಕು, ಇಲ್ಲವೇ ಮಬ್ಬು ಗಾಜು. ಮಳೆ ಮಾತ್ರ ಯಾವ ಫೋಟೊದಲ್ಲೂ ಸೋರುವುದಿಲ್ಲ. ಗಾಜಿನ ಬುಡದಲ್ಲಿ ತಗಡನ್ನು ಆರು ಅಂಗುಲ ಮೇಲಕ್ಕೆ ಮಡಚಿ ಎಂದು ನಕ್ಷೆಯಲ್ಲಿ ಬರೆದೇ ಕೊಡುತ್ತೇನೆ.

ವೆಲ್ಡರಿಗೆ ಬಣ್ಣದ ಚಿತ್ರ ಕಳಿಸಿದರೆ ವಾಟ್ಸಾಪಿನಲ್ಲಿ ಹೆಬ್ಬೆರಳು ಬರುತ್ತದೆ. ಕೆಲಸಕ್ಕೆ ಬೇಕಾದದ್ದು ಅಡ್ಡಸೀಳಿನ ಹಾಳೆ, ಜೊತೆಗೆ ಶೀಟಿನ ನಿಜವಾದ ಉದ್ದ. ದಕ್ಷಿಣದ ಮಗ್ಗುಲು ಎರಡೂ ತುದಿಯ ಒಂದೂವರೆ ಅಡಿ ಚಾಚು ಸೇರಿ ಪ್ಲ್ಯಾನಿನಲ್ಲಿ 17 ಅಡಿ ಕಾಣುತ್ತದೆ. ಇಳಿಜಾರಿನ ಮೇಲೆ ಅಳೆದರೆ 17 ಅಡಿ 6 ಅಂಗುಲ. ಅಂಗಡಿಗೆ ಹೇಳಬೇಕಾದದ್ದು ಎರಡನೆಯದು.