ತುಂಗೆಯ ಮಡಿಲಿನ ತೀರ್ಥಹಳ್ಳಿ

ವರ್ಷಕ್ಕೊಮ್ಮೆಯಾದರೂ ಮಕ್ಕಳುಮರಿಗಳೊಡನೆ ಎಲ್ಲಿಗಾದರೂ ಹೋಗಿಬರಬೇಕೆಂಬ ಹಂಬಲ ನಗರವಾಸಿಗಳಾದ ಗೃಹಸ್ಥರಿಗೆ ಸಹಜವೇ. ಮಲೆನಾಡಿನತ್ತ ಹೊರಟವರು ಶೃಂಗೇರಿಯ ದರ್ಶನ, ಆಗುಂಬೆಯ ಸೂರ್ಯಾಸ್ತ, ಕುಪ್ಪಳಿಯ ಕವಿಮನೆ ಎಂದು ಪಟ್ಟಿ ಹಾಕಿಕೊಂಡು ಓಡುತ್ತಾರೆ. ನಡುದಾರಿಯಲ್ಲಿ ತೀರ್ಥಹಳ್ಳಿಯೆಂಬ ಊರಿನಲ್ಲಿ ವಾಹನ ನಿಲ್ಲಿಸಿ, ಕಾಫಿ ಕುಡಿದು, ತುಂಗೆಯ ಸೇತುವೆಯನ್ನು ಎರಡು ನಿಮಿಷದಲ್ಲಿ ದಾಟಿಬಿಡುತ್ತಾರೆ. ಮನೆಗೆ ಮರಳಿದ ಮೇಲೆ ಉಳಿಯುವುದು ದಣಿವೊಂದೇ. ಆ ಊರಿನಲ್ಲಿಯೇ ಎರಡು ದಿನ ತಂಗಿದ್ದರೆ ಅವರು ಅರಸಿ ಹೊರಟಿದ್ದ ವಿಶ್ರಾಂತಿ ಅಲ್ಲಿಯೇ ದೊರೆಯುತ್ತಿತ್ತು!

ತೀರ್ಥಹಳ್ಳಿಗೆ ರೈಲಿಲ್ಲ. ಶಿವಮೊಗ್ಗದಲ್ಲಿ ಇಳಿದು ಸುಮಾರು 60 ಕಿಲೋಮೀಟರು ಬಸ್ಸಿನಲ್ಲಿ ಹೋಗಬೇಕು. ಆದರೆ ಈ ದಾರಿಯೇ ಪ್ರವಾಸದ ಮೊದಲ ಸಂತೋಷ. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ ಹಿಂದಾದಂತೆ ಬಯಲು ಕರಗಿ ಕಾಡು ಕವಿಯುತ್ತದೆ. ದಾರಿಯ ನಡುವೆ ಸಿಗುವ ಮಂಡಗದ್ದೆಯಲ್ಲಿ, ಮಳೆಗಾಲದ ದಿನಗಳಲ್ಲಿ ನದಿಯ ನಡುಗಡ್ಡೆಯ ಮರಗಳು ಬೆಳ್ಳಕ್ಕಿ, ನೀರುಕಾಗೆಗಳ ಗೂಡುಗಳಿಂದ ತುಂಬಿರುತ್ತವೆ. ಮರವೇ ಬಿಳಿಯ ಹೂ ಬಿಟ್ಟಿದೆಯೇನೋ ಎಂದು ಮಕ್ಕಳು ಬೆರಗಾಗುವ ದೃಶ್ಯವದು.

ಊರು ದೊಡ್ಡದಲ್ಲ. ಒಂದು ಪೇಟೆ, ಕೆಲವು ಬೀದಿಗಳು, ಅಂಚಿನಲ್ಲಿ ಅಡಿಕೆ ತೋಟಗಳು. ಎಲ್ಲಕ್ಕೂ ಒಡತಿಯಂತೆ ತುಂಗೆ. ರಾಜರ ಕಾಲದ ಕಮಾನಿನ ಸೇತುವೆಗೆ ಜಯಚಾಮರಾಜೇಂದ್ರ ಒಡೆಯರ ಹೆಸರಿದೆ. ದಡದಲ್ಲಿ ರಾಮೇಶ್ವರ ದೇವಾಲಯ. ನದಿಯಲ್ಲಿ ಬಂಡೆಗಳ ನಡುವೆ ರಾಮತೀರ್ಥ. ಮಾತೃಹತ್ಯೆಯ ನಂತರ ಪರಶುರಾಮನ ಕೊಡಲಿಗೆ ಅಂಟಿದ ರಕ್ತದ ಕಲೆ ಎಲ್ಲಿ ತೊಳೆದರೂ ಹೋಗದೆ, ಕಡೆಗೆ ಇಲ್ಲಿ ಹೋಯಿತೆಂದು ಸ್ಥಳಪುರಾಣ ಹೇಳುತ್ತದೆ. ಮಾರ್ಗಶಿರದ ಎಳ್ಳಮಾವಾಸ್ಯೆಯಂದು ಸಾವಿರಾರು ಜನ ಇಲ್ಲಿ ಮೀಯುತ್ತಾರೆ. ಜಾತ್ರೆಯ ಕೊನೆಯ ರಾತ್ರಿ ತೆಪ್ಪೋತ್ಸವದ ದೀಪಗಳು ನೀರಿನಲ್ಲಿ ಇಮ್ಮಡಿಯಾಗುತ್ತವೆ.

ಸೇತುವೆಯಿಂದ ನೋಡುವ ತುಂಗೆ ಬೇರೆ, ಕಲ್ಲುಸಾರದ ಬಳಿ ಕುಳಿತು ನೋಡುವ ತುಂಗೆ ಬೇರೆ. ಮಲೆನಾಡಿನಲ್ಲಿ ಸಾರವೆಂದರೆ ಹಳ್ಳಹೊಳೆ ದಾಟಲು ಮಾಡಿಕೊಂಡ ಕಿರುದಾರಿ. ಬಂಡೆಯಿಂದ ಬಂಡೆಗೆ ಕಲ್ಲುಗಳನ್ನು ಹಾಸಿ ಮಾಡಿದ ಇಲ್ಲಿನ ಕಲ್ಲುಸಾರ, ನೀರಿಳಿದ ತಿಂಗಳುಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. ಮಳೆಗಾಲ ಬಂದರೆ ಅದರ ಸುಳಿವೂ ಇರದು. ಹೊಳೆಯ ನಡುವಿನ ರಾಮಮಂಟಪವೇ ಊರಿನವರಿಗೆ ಪ್ರವಾಹದ ಅಳತೆಗೋಲು. ಮಂಟಪ ಮುಳುಗಿತೆಂಬ ಸುದ್ದಿ ಬಂದೊಡನೆ ಕೊಡೆ ಹಿಡಿದ ಜನ ಸೇತುವೆಯ ಮೇಲೆ ಸಾಲುಗಟ್ಟಿ ನಿಲ್ಲುತ್ತಾರೆ. ಚಳಿಗಾಲದಲ್ಲಿ ಮಕ್ಕಳ ಪಾದ ತೊಳೆಯುವ ಹೊಳೆಯೇ ಇದು ಎಂದು ನಂಬುವುದು ಆಗ ಕಷ್ಟ.

ಪ್ರವಾಸಿಗರು ಮರೆಯಬಾರದ ಮಾತೊಂದು ಇಲ್ಲಿದೆ. ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿಯನ್ನು ಹಾದು ಬರುವ ತುಂಗೆ, ತೀರ್ಥಹಳ್ಳಿಯಲ್ಲಿ ಹನಿ ಮಳೆಯಿಲ್ಲದಿದ್ದರೂ ಮೇಲೆ ಸುರಿದ ಮಳೆಯಿಂದ ಏರಬಲ್ಲಳು. ಪಾಚಿಗಟ್ಟಿದ ಬಂಡೆ ಜಾರುತ್ತದೆ. ಶಾಂತವಾಗಿ ಕಾಣುವ ಮಡುವಿನ ಆಳ ಕಣ್ಣಿಗೆ ತಿಳಿಯದು. ಹೊಳೆಯ ಗುಣವರಿತ ಊರಿನವರು ‘ಅಲ್ಲಿ ಇಳೀಬೇಡಿ’ ಎಂದಾಗ ನಕ್ಕು ಮುಂದುವರಿಯುವುದು ಜಾಣತನವಲ್ಲ. ಈಜು ಬಲ್ಲೆನೆಂಬ ಧೈರ್ಯದಿಂದ ಇಳಿದ ತರುಣರನ್ನು ಮಲೆನಾಡಿನ ಹೊಳೆಗಳು ಮನೆಗೆ ಮರಳಗೊಡದ ಉದಾಹರಣೆಗಳು ಹೇರಳವಾಗಿವೆ.

ಹಾಗಾದರೆ ಎರಡು ದಿನ ಮಾಡುವುದೇನು? ಬೆಳಗಿನ ಮಂಜು ಕರಗುವವರೆಗೆ ದಡದಲ್ಲಿ ಸುಮ್ಮನೆ ಕುಳ್ಳಿರುವುದು. ಅಕ್ಕಿರೊಟ್ಟಿ, ಕಡುಬು, ಮಿಡಿಮಾವಿನ ಉಪ್ಪಿನಕಾಯಿಗಳ ರುಚಿ ನೋಡುವುದು. ಕೊಯ್ಲಿನ ಕಾಲವಾದರೆ ತೋಟದ ಮನೆಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುವ ಕೈಗಳ ಚಳಕ ಕಾಣಬಹುದು. ಬೇಯಿಸಿದ ಅಡಿಕೆಯ ಚೊಗರು ವಾಸನೆ ಸಂಜೆಯ ಗಾಳಿಯಲ್ಲಿ ಬೆರೆತಿರುತ್ತದೆ. ಮರುದಿನ ಸುಮಾರು 16 ಕಿಲೋಮೀಟರು ದೂರದ ಕುಪ್ಪಳಿಗೆ ಹೋಗಿಬರಬಹುದು. 1904ರಲ್ಲಿ ಜನಿಸಿದ ಕುವೆಂಪು ಬಾಲ್ಯ ಕಳೆದ ಮನೆ, 1994ರಲ್ಲಿ ಅವರು ಮಣ್ಣಾದ ಕವಿಶೈಲ, ಎರಡೂ ಅಲ್ಲಿವೆ. ಆ ಬಾಲಕ ಮೈಸೂರಿಗೆ ತೆರಳುವ ಮುನ್ನ ಓದಿದ್ದು ಇದೇ ತೀರ್ಥಹಳ್ಳಿಯ ಶಾಲೆಯಲ್ಲಿ. ಪೇಟೆಯ ಬೀದಿಗಳಲ್ಲಿ ನಡೆಯುವಾಗ ಅದನ್ನು ಮಕ್ಕಳಿಗೆ ಹೇಳಿದರೆ ಪಾಠಪುಸ್ತಕದ ಕವಿ ಅವರ ಓರಗೆಯ ಹುಡುಗನಾಗುತ್ತಾನೆ.

ಮರಳುವ ಮುನ್ನ ಚಿಬ್ಬಲಗುಡ್ಡೆಯನ್ನು ನೋಡದಿರಬಾರದು. ಅಲ್ಲಿನ ಗಣಪತಿ ದೇವಾಲಯದ ಕೆಳಗೆ, ತುಂಗೆಯ ಮಡುವಿನಲ್ಲಿ, ದೊಡ್ಡ ದೊಡ್ಡ ಮೀನುಗಳು ನಿರ್ಭಯವಾಗಿ ಮೆಟ್ಟಿಲ ಬಳಿಗೇ ಬರುತ್ತವೆ. ಇವು ದೇವರ ಮೀನುಗಳೆಂಬ ನಂಬಿಕೆಯಿಂದ ಯಾರೂ ಬಲೆ ಬೀಸುವುದಿಲ್ಲ. ಬಲೆಯಿಂದ ಪಾರಾದ ಈ ಮೂಕಜೀವಿಗಳು ಭಕ್ತರ ಪ್ಲಾಸ್ಟಿಕ್ಕಿನಿಂದ, ಸಾಬೂನಿನ ನೊರೆಯಿಂದ ಪಾರಾಗಬಲ್ಲವೆ? ಮಂಡಕ್ಕಿಯನ್ನು ಮೀನಿಗೆ ಎರಚಿ, ಪೊಟ್ಟಣವನ್ನು ಹೊಳೆಗೆ ಬಿಡುವ ಕೈಗೆ ಪುಣ್ಯ ಬರುವುದಾದರೂ ಹೇಗೆ?

‘ಗಂಗಾಸ್ನಾನ, ತುಂಗಾಪಾನ’ ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಕುಡಿಯುವ ನೀರಿನ ಸವಿಗೆ ಹೆಸರಾದ ಹೊಳೆಯಿದು. ಪರಶುರಾಮನ ಕೊಡಲಿಯ ಕಲೆಯನ್ನೇನೋ ತುಂಗೆ ತೊಳೆದಳು. ಅತಿಥಿಗಳು ಬಿಟ್ಟುಹೋದ ಕೊಳೆಯನ್ನು ಮರುದಿನ ತೊಳೆಯುವವರು ಊರಿನ ಪೌರಕಾರ್ಮಿಕರು. ಎರಡು ದಿನ ಇದ್ದು, ಹೊಳೆಯನ್ನು ಬಂದಾಗ ಕಂಡಂತೆಯೇ ಬಿಟ್ಟು ಬಂದ ಕುಟುಂಬಕ್ಕೆ ಮುಂದಿನ ವರ್ಷವೂ ತೀರ್ಥಹಳ್ಳಿ ಹೀಗೆಯೇ ಕಾದಿರುತ್ತದೆ.