ಆಟಿಸಂ ತಪಾಸಣೆಗೆ ಎಷ್ಟು ದಿನ ಕಾಯಬೇಕು? ಇಂಗ್ಲೆಂಡ್ ಲೆಕ್ಕ ಇಟ್ಟ ಬಗೆ

ಮಗುವಿಗೆ ಮೂರು ವರ್ಷವಾದರೂ ಮಾತು ಬಂದಿಲ್ಲ, ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಇಂಥ ಲಕ್ಷಣ ಕಂಡಾಗ ವೈದ್ಯರು ಆಟಿಸಂ (ಸ್ವಲೀನತೆ) ಇರಬಹುದೆಂದು ಶಂಕಿಸುತ್ತಾರೆ. ಆದರೆ ರಕ್ತ ಪರೀಕ್ಷೆಯಿಂದಲೋ ಸ್ಕ್ಯಾನಿಂಗ್‌ನಿಂದಲೋ ಇದು ಗೊತ್ತಾಗುವುದಿಲ್ಲ. ಮಕ್ಕಳ ತಜ್ಞರು, ಮನಶ್ಶಾಸ್ತ್ರಜ್ಞರು, ವಾಕ್ ಚಿಕಿತ್ಸಕರು ಮಗುವನ್ನು ಗಮನಿಸಿ, ಹೆತ್ತವರನ್ನು ವಿಚಾರಿಸಿ ತೀರ್ಮಾನಿಸಬೇಕು. ಇದಕ್ಕೆ ಸಮಯ ಬೇಕು, ತಜ್ಞರು ಕಡಿಮೆ. ಹಾಗಾಗಿ ಸರದಿ ಬೆಳೆಯುತ್ತದೆ.

ಇಂಗ್ಲೆಂಡಿನಲ್ಲಿ 2009ರಲ್ಲಿ ಆಟಿಸಂ ಕಾಯ್ದೆ ಬಂತು. ಆಟಿಸಂ ಇರುವ ವಯಸ್ಕರಿಗಾಗಿ ಕಾರ್ಯನೀತಿ ರೂಪಿಸುವುದು ಸರಕಾರಕ್ಕೆ ಕಡ್ಡಾಯವಾಯಿತು. ಮಕ್ಕಳನ್ನು ತಜ್ಞರ ಬಳಿಗೆ ಶಿಫಾರಸು ಮಾಡಿದ ಮೂರು ತಿಂಗಳೊಳಗೆ ತಪಾಸಣೆ ಶುರುವಾಗಬೇಕೆಂದು ಆರೋಗ್ಯ ಮಾರ್ಗಸೂಚಿ ಸಂಸ್ಥೆ ‘ನೈಸ್’ 2011ರಲ್ಲಿ ತಿಳಿಸಿತು. ಇದು ಪಾಲನೆಯಾಗುತ್ತಿದೆಯೇ ಎಂದು ತಿಳಿಸುವ ಕಾಯುವಿಕೆಯ ಅಂಕಿಅಂಶವನ್ನು ಅಲ್ಲಿನ ಸರಕಾರಿ ಆರೋಗ್ಯ ಸೇವೆ ಪ್ರಕಟಿಸತೊಡಗಿದ್ದು 2019ರಲ್ಲಿ.

ಲೆಕ್ಕದಲ್ಲಿ ತೊಡಕೂ ಇದೆ. ಮೂರು ತಿಂಗಳ ಗಡುವು ಮೊದಲ ಭೇಟಿಗೆ ಮಾತ್ರ. ಅಂತಿಮ ತೀರ್ಮಾನಕ್ಕೆ ಅಲ್ಲ. ಮೊದಲ ಭೇಟಿ ಬೇಗ ಮುಗಿಸಿ ಮುಂದಿನದಕ್ಕೆ ತಿಂಗಳುಗಟ್ಟಲೆ ಕಾಯಿಸಿದರೂ ಗಡುವು ಪಾಲಿಸಿದಂತೆಯೇ ಕಾಣುತ್ತದೆ. ಜೊತೆಗೆ, ಆರಂಭದ ಅಂಕಿಅಂಶ ಮಾನಸಿಕ ಆರೋಗ್ಯ ಸೇವೆಗಳ ದಾಖಲೆಯಿಂದ ಬಂದದ್ದು. ಮಕ್ಕಳ ತಜ್ಞರ ಸಮುದಾಯ ಚಿಕಿತ್ಸಾಲಯಗಳಿಗೆ ಹೋದ ಮಕ್ಕಳು ಅದರಲ್ಲಿ ಸೇರಿರಲಿಲ್ಲ.

2021ರ ಕಾರ್ಯನೀತಿಯೊಂದಿಗೆ ಕಾಯುವಿಕೆ ತಗ್ಗಿಸಲು 1.3 ಕೋಟಿ ಪೌಂಡ್ ಘೋಷಣೆಯಾಯಿತು. 2023ರಲ್ಲಿ ತಪಾಸಣೆ ಹೇಗೆ ನಡೆಯಬೇಕೆಂಬ ರಾಷ್ಟ್ರೀಯ ಚೌಕಟ್ಟು ಹೊರಬಂತು. ಆದರೂ ಶಿಫಾರಸುಗಳು ಸೇವೆಗಿಂತ ವೇಗವಾಗಿ ಹೆಚ್ಚಿದವು. 2025ರ ಹೊತ್ತಿಗೆ ಸರದಿಯಲ್ಲಿದ್ದವರು 2 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನ 13 ವಾರ ದಾಟಿದವರು. ಲೆಕ್ಕವೊಂದೇ ಸರದಿ ಕರಗಿಸದು. ಆದರೆ ಲೆಕ್ಕ ಇರುವುದರಿಂದಲೇ ಸಂಸತ್ತಿನಲ್ಲಿ ಪ್ರಶ್ನೆ ಕೇಳಲು, ಯಾವ ಪ್ರದೇಶ ಹಿಂದುಳಿದಿದೆ ಎಂದು ತೋರಿಸಲು ಸಾಧ್ಯವಾಗಿದೆ.

ನಮ್ಮ ದೇಶದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವಿಧಗಳಲ್ಲಿ ಆಟಿಸಂ ಕೂಡ ಒಂದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರಕಾರಿ ಶಾಲೆಗಳಲ್ಲಿ ಮಕ್ಕಳ ತಪಾಸಣೆ ನಡೆಯುತ್ತದೆ. ಅಗತ್ಯವಿದ್ದರೆ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳುಹಿಸುತ್ತಾರೆ. ಗಡಿಭಾಗದವರಿಗೆ ಒಂದು ಅನುಕೂಲವೆಂದರೆ, ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ (ಯುಡಿಐಡಿ) ಯಾವ ರಾಜ್ಯದಲ್ಲಿ ಪಡೆದರೂ ದೇಶವಿಡೀ ಸಲ್ಲುತ್ತದೆ. ಹೆತ್ತವರು ಶಿಫಾರಸು ಚೀಟಿಯನ್ನು ದಿನಾಂಕ ಸಹಿತ ಜೋಪಾನವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಎಷ್ಟು ದಿನ ಕಾದೆವು ಎಂಬುದಕ್ಕೆ ಅದೇ ಆಧಾರ.